ಚುಕ್ಕಿ ಇಲ್ಲದ ಕುರ್‌ಆನ್

"ಕುರ್‌ಆನಿನ ಒಂದು ಚುಕ್ಕಿಯೂ ಬದಲಾಗಿಲ್ಲ" ಅನ್ನುವ ಮಾತನ್ನು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇನೆ. ಹೇಳುವವರ ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಮೊದಮೊದಲ ಪ್ರತಿಗಳಲ್ಲಿ ಅಲ್ಲೊಂದು ಇಲ್ಲೊಂದು ಬಿಟ್ಟರೆ ಚುಕ್ಕಿಗಳೇ ಇರಲಿಲ್ಲ. ಇದನ್ನು ಹೇಳಿದರೆ ನಮ್ಮವರಲ್ಲಿ ಕೆಲವರಿಗೆ ಸಿಟ್ಟು, ಹೊರಗಿನ ಕೆಲವರಿಗೆ ಬೈಯಲು ಒಂದು ನೆಪ. ಪೂರ್ತಿ ಕಥೆ ಗೊತ್ತಿದ್ದರೆ ಇಬ್ಬರೂ ಹಾಗೆ ಮಾಡುತ್ತಿರಲಿಲ್ಲ.

ಪ್ರವಾದಿಯವರು ತೀರಿಕೊಂಡದ್ದು 632ರಲ್ಲಿ. ಆಗ ಎರಡು ರಟ್ಟುಗಳ ನಡುವಿನ ಕುರ್‌ಆನ್ ಇರಲಿಲ್ಲ. ಬೆನ್ನಲ್ಲೇ ಯಮಾಮದ ಯುದ್ಧ ನಡೆದು, ಕಂಠಪಾಠವಿದ್ದ ಅನೇಕರು ಅಲ್ಲಿ ಸತ್ತರು. ಉಳಿದವರೂ ಹೀಗೇ ಹೋದರೆ ಏನು ಗತಿ ಎಂದು ಪ್ರವಾದಿಯ ಸಂಗಾತಿ ಉಮರ್ ಕಂಗಾಲಾಗಿ, ಪ್ರವಾದಿಯ ನಂತರ ಮುಸ್ಲಿಮರ ನಾಯಕರಾದ ಖಲೀಫ ಅಬೂಬಕರ್ ಬಳಿ ಬಂದು, ಕುರ್‌ಆನನ್ನು ಒಂದೆಡೆ ಬರೆದು ಕೂಡಿಸಿ ಎಂದರು. ಅಬೂಬಕರ್ ಹಿಂಜರಿದರು: ಪ್ರವಾದಿ ಮಾಡದ ಕೆಲಸವನ್ನು ನಾನು ಹೇಗೆ ಮಾಡಲಿ? ಕೊನೆಗೆ ಹೊಣೆ ಬಿದ್ದದ್ದು ಮದೀನಾದ ಯುವಕ ಝೈದ್ ಬಿನ್ ಸಾಬಿತ್ ಮೇಲೆ. ಬೆಟ್ಟ ಸರಿಸು ಅಂದಿದ್ದರೂ ಇಷ್ಟು ಭಾರ ಅನ್ನಿಸುತ್ತಿರಲಿಲ್ಲ ಎಂದರಂತೆ ಅವರು. ಖರ್ಜೂರದ ಗರಿಯ ದಂಟು, ತೆಳುವಾದ ಬಿಳಿಗಲ್ಲು, ಜನರ ಎದೆ, ಎಲ್ಲ ಕಡೆಯಿಂದಲೂ ಹುಡುಕಿ ಕೂಡಿಸಿದರು. ತೌಬಾ ಅಧ್ಯಾಯದ ಕೊನೆಯ ಸಾಲುಗಳು ಪ್ರವಾದಿಗೆ ನೆರವಾದ ಮದೀನಾದವರಲ್ಲಿ ಒಬ್ಬ ಅನ್ಸಾರಿಯ ಹತ್ತಿರ ಮಾತ್ರ ಸಿಕ್ಕವು. ಇಷ್ಟನ್ನೂ ಮುಚ್ಚಿಡದೆ ಬರೆದಿಟ್ಟದ್ದು ಬುಖಾರಿಯವರ ಹದೀಸ್ ಸಂಗ್ರಹ, ಅಂದರೆ ಪ್ರವಾದಿಯವರ ನಡೆನುಡಿಗಳ ವರದಿಗಳ ಸಂಗ್ರಹ. ಅವರಿಗಿಲ್ಲದ ಅಳುಕು ನಮಗೇಕೆ?

ಸುಮಾರು 650ರ ಹೊತ್ತಿಗೆ ಇನ್ನೊಂದು ತೊಡಕು. ಅರ್ಮೇನಿಯಾ, ಅಝರ್‌ಬೈಜಾನ್ ಕಡೆಯ ದಂಡಿನಲ್ಲಿ ಸಿರಿಯಾದವರದ್ದೂ ಇರಾಕಿನವರದ್ದೂ ಓದು ಬೇರೆಬೇರೆಯಾಗಿ ಜಗಳವೇ ಶುರುವಾಯಿತು. ಖಲೀಫ ಉಸ್ಮಾನ್, ಉಮರರ ಮಗಳು ಹಫ್ಸಾ ಬಳಿಯಿದ್ದ ಆ ಮೊದಲ ಸಂಗ್ರಹದ ಹಾಳೆಗಳನ್ನು ತರಿಸಿ, ಮತ್ತೆ ಝೈದ್ ಅವರನ್ನೇ ಪ್ರವಾದಿಯ ಕುಲದವರಾದ ಮೂವರು ಕುರೈಷಿಗಳ ಜೊತೆ ಕೂರಿಸಿ ನಕಲು ಮಾಡಿಸಿದರು. ಪ್ರತಿಗಳು ಪ್ರಾಂತಗಳಿಗೆ ಹೋದವು. ಉಳಿದವನ್ನು ಸುಡಲು ಆಜ್ಞೆಯಾಯಿತು. ಇರಾಕಿನ ಕೂಫಾದಲ್ಲಿದ್ದ ಇಬ್ನ್ ಮಸ್‌ಊದ್ ಇದನ್ನು ಒಪ್ಪಲಿಲ್ಲ. ಪ್ರವಾದಿಯ ಬಾಯಿಂದಲೇ ಕೇಳಿ ಕಲಿತವರ ಆ ಸಂಕಟ ನನಗೆ ಅರ್ಥವಾಗುತ್ತದೆ.

ಈಗ ಚುಕ್ಕಿಯ ವಿಷಯ. ಅರಬಿಯ ಬೇ, ತೇ, ಸೇ, ನೂನ್, ಯೇ ಪದದ ನಡುವೆ ಬಂದಾಗ ಎಲ್ಲವೂ ಒಂದೇ ಸಣ್ಣ ಹಲ್ಲು, ಬೇರೆ ಮಾಡುವುದು ಚುಕ್ಕಿ ಮಾತ್ರ. ಚುಕ್ಕಿ ತೆಗೆದರೆ 'ಯಅಲಮೂನ' (ಅವರು ಬಲ್ಲರು), 'ತಅಲಮೂನ' (ನೀವು ಬಲ್ಲಿರಿ) ಎರಡಕ್ಕೂ ಒಂದೇ ರೂಪ. ಮೊದಲ ಅಧ್ಯಾಯ ಫಾತಿಹಾದಲ್ಲಿ ನಾವು 'ಮಾಲಿಕಿ' ಅನ್ನುತ್ತೇವೆ, ತೀರ್ಪಿನ ದಿನದ ಒಡೆಯ. ಮೊರಾಕೊದವರು ಓದುವ 'ವರ್ಷ್' ಎಂಬ ಪಾಠದಲ್ಲಿ ಅದು 'ಮಲಿಕಿ', ದೊರೆ. ಆ ದೀರ್ಘಕ್ಕೆ ಗುರುತಿಲ್ಲದ ಹಳೆಯ ಬರಹಕ್ಕೆ ಎರಡೂ ಹೊಂದುತ್ತವೆ. ನಮ್ಮ ಹಳೆಯ ಶಾಸನಗಳಲ್ಲೂ ಎ-ಏ, ಒ-ಓಗಳಿಗೆ ಬೇರೆ ಗುರುತಿರಲಿಲ್ಲವಲ್ಲ! ಬಲ್ಲವರು ಸರಿಯಾಗಿಯೇ ಓದಿಕೊಳ್ಳುತ್ತಿದ್ದರು.

ಅರಬಿ ಮಾತೃಭಾಷೆಯಲ್ಲದವರು ಧರ್ಮಕ್ಕೆ ಬಂದಂತೆ ಬಲ್ಲವರ ಭರವಸೆಯೊಂದೇ ಸಾಲದಾಯಿತು. ಹ್ರಸ್ವ ಸ್ವರಗಳಿಗೂ ಆಗ ಗುರುತಿರಲಿಲ್ಲ. ಬಸ್ರಾದಲ್ಲಿ ಒಬ್ಬ 'ರಸೂಲುಹು' ಅನ್ನಬೇಕಾದಲ್ಲಿ 'ರಸೂಲಿಹಿ' ಎಂದು ಓದಿದನಂತೆ. ಒಂದೇ ಸ್ವರ ತಪ್ಪಿ, ದೇವರು ತನ್ನ ಪ್ರವಾದಿಯನ್ನೇ ಕೈಬಿಟ್ಟ ಅನ್ನುವ ಅರ್ಥ ಬಂತು. ಕೇಳಿದ ವ್ಯಾಕರಣ ಪಂಡಿತ ಅಬುಲ್ ಅಸ್ವದ್ ಒಬ್ಬ ಲಿಪಿಕಾರನನ್ನು ಎದುರಿಗೆ ಕೂರಿಸಿಕೊಂಡರು ಎನ್ನುತ್ತದೆ ಪರಂಪರೆ. ಅವನಿಗೆ ಹೇಳಿದರಂತೆ: ನಾನು ಬಾಯಿ ತೆರೆದರೆ ಅಕ್ಷರದ ಮೇಲೊಂದು ಚುಕ್ಕಿ ಇಡು, ತುಟಿ ಕೂಡಿಸಿದರೆ ಮುಂದೆ, ಇಳಿಸಿದರೆ ಕೆಳಗೆ. ಬಣ್ಣ ಬೇರೆ ಇರಲಿ. ಹಳೆಯ ಪ್ರತಿಗಳಲ್ಲಿ ಕಪ್ಪು ಅಕ್ಷರದ ಸುತ್ತ ಆ ಕೆಂಪು ಬೊಟ್ಟುಗಳು ಇಂದಿಗೂ ಕಾಣುತ್ತವೆ. ನಾವು ಮಕ್ಕಳ ಅರಬಿ ಪಾಠಪುಸ್ತಕ ಕಾಯಿದಾದಲ್ಲಿ ಕಲಿತ ಸ್ವರಚಿಹ್ನೆಗಳಾದ ಜಬರ್, ಜೇರ್, ಪೇಶ್‌ಗಳ ಹುಟ್ಟು ಅದು. ಒಬ್ಬ ಮನುಷ್ಯನ ಬಾಯಿ ನೋಡಿ ಇಟ್ಟ ಗುರುತುಗಳು!

1972ರಲ್ಲಿ ಯೆಮನ್‌ನ ಸನಾ ಮಸೀದಿಯ ದುರಸ್ತಿಯ ವೇಳೆ ಹಳೆಯ ಹಾಳೆಗಳ ರಾಶಿಯೇ ಸಿಕ್ಕಿತು. ಒಂದು ಪ್ರತಿಯಲ್ಲಿ ತೊಗಲನ್ನು ತೊಳೆದು ಮತ್ತೆ ಕುರ್‌ಆನನ್ನೇ ಬರೆದಿದ್ದಾರೆ. ಅಡಿಯ ಬರಹದಲ್ಲಿ ಅಧ್ಯಾಯಗಳ ಕ್ರಮ ಬೇರೆ, ಕೆಲವು ಪದಗಳೂ ಬೇರೆ. ಇದನ್ನು ನಮ್ಮ ಮಕ್ಕಳು ವೈರಿಯ ಬಾಯಿಂದ ಕೇಳುವ ಮೊದಲು ಅರಬಿ ಕಲಿಸುವ ಹಜರತ್ ಬಾಯಿಂದ ಕೇಳಬೇಕು. ಹಾಗೆ ಕೇಳಿದ ಮಗುವಿನ ನಂಬಿಕೆ ಅಲುಗುವುದಿಲ್ಲ. ನನ್ನದು ಅಲುಗಿಲ್ಲ.

ಹೋದ ರಮಜಾನಿನ ಒಂದು ರಾತ್ರಿ ವಿಶೇಷ ನಮಾಜಾದ ತರಾವೀಹ್‌ನಲ್ಲಿ ಕುರ್‌ಆನ್ ಕಂಠಪಾಠವಿರುವ ಹಾಫಿಜ್ ಸಾಹೇಬರು ಒಂದು ಸ್ವರ ತಪ್ಪಿದರು. ಹಿಂದಿನ ಸಾಲಿನಿಂದ ತಕ್ಷಣ ತಪ್ಪು ತಿದ್ದುವ ಲುಕ್ಮಾ ಬಂತು, ಇನ್ನೂ ಮೀಸೆ ಮೂಡದ ಹುಡುಗನ ದನಿ. ಅವನ ಕೈಯಲ್ಲಿ ಪುಸ್ತಕವಿರಲಿಲ್ಲ. ಹಾಫಿಜ್ ಸಾಹೇಬರು ಅದೇ ಪದಕ್ಕೆ ಹಿಂತಿರುಗಿ, ಸರಿಯಾಗಿ ಓದಿ ಮುಂದುವರಿದರು.