ಸಂತೆಗೆ ನೇಯ್ದ ಆಲ್ಬಮ್

ಒಂದು ಆಲ್ಬಮ್ ಇದೆ. ಅದನ್ನ ಮತ್ತೆ ರೆಕಾರ್ಡ್ ಮಾಡಿ ಅಂತ ಕೇಳುವ ಹಕ್ಕು ಇಡೀ ಲೋಕದಲ್ಲಿ ಇಬ್ಬರಿಗೆ ಮಾತ್ರ ಇತ್ತು. ಅವರು ಕೇಳಿದರು. ಪೂರ್ತಿ ಆಲ್ಬಮ್ ಅಲ್ಲ, ಒಂದೇ ಒಂದು ವಾದ್ಯ. ಆಗಲ್ಲ ಅಂತ ಯಾರೂ ಹೇಳಲಿಲ್ಲ, ಮಾಡಲೂ ಇಲ್ಲ. ಆಮೇಲೆ 21 ವರ್ಷ ಕಳೆದು, ಟಿಕೆಟ್ ಕೊಂಡವರಿಗೋಸ್ಕರ, ಎಂಟಕ್ಕೆ ಎಂಟೂ ಹಾಡನ್ನ, ಮೊದಲಿದ್ದ ಸಾಲಿನಲ್ಲೇ, ಕೂದಲು ಕೊಂಕದ ಹಾಗೆ ಮತ್ತೆ ನುಡಿಸಿ ರೆಕಾರ್ಡ್ ಮಾಡಿದರು.

ಬ್ಯಾಂಡಿನ ಹೆಸರು ಮೇಹೆಮ್. 1984ರಲ್ಲಿ ಓಸ್ಲೋ ಪಕ್ಕ ಹುಟ್ಟಿಕೊಂಡ ನಾರ್ವೆಯ ಬ್ಲ್ಯಾಕ್ ಮೆಟಲ್ ತಂಡ. ಆಲ್ಬಮ್ಮಿನ ಹೆಸರು 'ಡೆ ಮಿಸ್ಟೀರಿಸ್ ಡಾಮ್ ಸಾಥನಾಸ್'. ಸೈತಾನ ಪ್ರಭುವಿನ ರಹಸ್ಯಗಳ ಕುರಿತು ಅಂತ ಅರ್ಥ ಬರಬೇಕು, ಆದರೆ ಲ್ಯಾಟಿನ್ ಮೇಷ್ಟ್ರು ಯಾರಾದರೂ ಓದಿದರೆ ವಿಭಕ್ತಿ ತಪ್ಪಿದೆ ಅಂತ ಕೆಂಪು ಶಾಯಿ ತಗೊಳ್ತಾರೆ. 2016ರಲ್ಲಿ ಲೈವ್ ಆವೃತ್ತಿ ಹೊರಗೆ ಬಂದಾಗ ಅದೇ ಹೆಸರಿಗೆ 'ಅಲೈವ್' ಅಂತ ಬಾಲ ಸೇರಿತು. ವ್ಯಾಕರಣ ದೋಷ ಹಾಗೇ ಉಳಿಯಿತು. ಮೂಲಕ್ಕೆ ನಿಷ್ಠೆ ಅಂದರೆ ಇದು.

ಬ್ಲ್ಯಾಕ್ ಮೆಟಲ್ ಗೊತ್ತಿಲ್ಲದವರಿಗೆ ಎರಡು ಮಾತು. ಮುಖಕ್ಕೆ ಹೆಣದ ಹಾಗೆ ಬಿಳಿ ಬಣ್ಣ, ಕಣ್ಣ ಸುತ್ತ ಕಪ್ಪು, ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಗಿಟಾರು, ಗಂಟಲು ಹರಿದುಕೊಂಡ ಹಾಡು. ಶಬ್ದ ಕೆಟ್ಟದಾಗಿರುವುದೇ ಇಲ್ಲಿ ಶೀಲ. ಬರ್ಝಮ್ ಅನ್ನೋ ಒಂಟಿ ಮನುಷ್ಯನ ಬ್ಯಾಂಡು 1993ರಲ್ಲಿ ಒಂದು ಆಲ್ಬಮ್ ರೆಕಾರ್ಡ್ ಮಾಡುವಾಗ, ಸ್ಟುಡಿಯೋದಲ್ಲಿ ಇರೋದರಲ್ಲೇ ಕಚಡಾ ಮೈಕ್ ಕೊಡಿ ಅಂತ ಕೇಳಿ, ಕೊನೆಗೆ ಹೆಡ್‌ಸೆಟ್ಟಿನ ಮೈಕಿನಲ್ಲಿ ಹಾಡಿದ ಕಥೆ ಈ ಲೋಕದಲ್ಲಿ ಪುರಾಣದಷ್ಟು ಪವಿತ್ರ. ಆ ಕರಕರ ಸದ್ದನ್ನ ಈಗಿನ ಹುಡುಗರು ಒಳ್ಳೆ ಸ್ಟುಡಿಯೋದಲ್ಲಿ, ಒಳ್ಳೆ ಮೈಕಿನಲ್ಲಿ, ದಿನಗಟ್ಟಲೆ ಕೂತು ಕಷ್ಟಪಟ್ಟು ಕೆಡಿಸಿ ತರ್ತಾರೆ. ಇರಲಿ, ಅದು ಬೇರೆ ಲೇಖನ.

ಮೇಹೆಮ್‌ನ ಗಿಟಾರ್ ವಾದಕ ಯೂರೋನಿಮಸ್. ಓಸ್ಲೋದಲ್ಲಿ 'ಹೆಲ್ವೆಟೆ' ಅಂತ ರೆಕಾರ್ಡ್ ಅಂಗಡಿ ಇಟ್ಟಿದ್ದ. ಹೆಲ್ವೆಟೆ ಅಂದರೆ ನರಕ. ಸ್ವಂತ ಲೇಬಲ್ಲೂ ಇತ್ತು, ಅಂದರೆ ಆಲ್ಬಮ್ ಹೊರತರುವ ಕಂಪನಿ. ಆ ಲೇಬಲ್ಲಿನ ಘೋಷಣೆಯಲ್ಲಿ ಏನೇನು ಬೇಡ ಅನ್ನೋ ಪಟ್ಟಿ ಇತ್ತು, ಅದರಲ್ಲಿ ಎರಡು ಮುಖ್ಯ: ಟ್ರೆಂಡ್ ಬೇಡ, ಮೋಜು ಬೇಡ. ಇದೇ ಲೇಬಲ್ 1993ರಲ್ಲಿ ಬರ್ಝಮ್‌ನ ಒಂದು ಇಪಿ, ಅಂದರೆ ಚಿಕ್ಕ ಆಲ್ಬಮ್, ತಂದಿತು. ಮುಖಪುಟದಲ್ಲಿ ಬೆರ್ಗೆನ್ ಪಕ್ಕದ ಫಾಂಟಾಫ್ಟ್ ಅನ್ನೋ ಮರದ ಚರ್ಚು ಸುಟ್ಟು ಕರಕಲಾದ ಫೋಟೋ. ಮೊದಲು ಕೊಂಡವರಿಗೆ ಜೊತೆಗೆ ಒಂದು ಸಿಗರೇಟ್ ಲೈಟರ್ ಉಚಿತ! ಟ್ರೆಂಡ್ ಬೇಡ ಅಂದವರು ಕೊಟ್ಟ ಕೊಡುಗೆ. ಸೋಪಿನ ಪುಡಿ ಜೊತೆ ಚಮಚ ಕೊಡುವವರಿಗೂ ಇಷ್ಟು ಹೊಳೆಯಲ್ಲ.

ಈಗ ಮೊದಲು ಹೇಳಿದ ಆ ಒಂದು ವಾದ್ಯದ, ಅಂದರೆ ಬೇಸ್ ಗಿಟಾರಿನ ವಿಷಯ.

ಆಲ್ಬಮ್ ರೆಕಾರ್ಡ್ ಆಗಿದ್ದು ಬೆರ್ಗೆನ್ ಊರಿನ ಗ್ರೀಗ್‌ಹಾಲೆನ್ ಕಟ್ಟಡದಲ್ಲಿ. ಸಂಗೀತಗಾರ ಎಡ್ವರ್ಡ್ ಗ್ರೀಗ್ ಹೆಸರಿನ ಸಭಾಂಗಣ, ಊರಿನ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾದ ಮನೆ. ನರಕದ ಸಂಗೀತಕ್ಕೂ ಒಳ್ಳೆ ಹಾಲ್ ಬೇಕು ಅಂತ ಅವರಿಗೆ ಗೊತ್ತಿತ್ತು. ಹಾಡುಗಳ ಸಾಹಿತ್ಯದಲ್ಲಿ ಬಹುಪಾಲು ಬರೆದವನು ಹಳೆಯ ಗಾಯಕ, ಡೆಡ್ ಅಂತಲೇ ಹೆಸರು ಇಟ್ಟುಕೊಂಡಿದ್ದವನು. ಅವನು 1991ರಲ್ಲಿ, 22ನೇ ವಯಸ್ಸಿಗೇ ತೀರಿಕೊಂಡಿದ್ದ. ಆ ಸಾವಿನ ಬಗ್ಗೆ ಯೂರೋನಿಮಸ್ ನಡೆದುಕೊಂಡ ರೀತಿಗೆ ಅಸಹ್ಯಪಟ್ಟು ಬೇಸ್ ವಾದಕ ನೆಕ್ರೋಬುಚರ್ ತಂಡ ಬಿಟ್ಟು ಹೋಗಿದ್ದ. ಹಂಗೇರಿಯಿಂದ ಅಟಿಲಾ ಚಿಹಾರ್ ಬಂದು ಹಾಡಿದ. ಬೇಸ್ ನುಡಿಸೋಕೆ ಬಂದವನು ವರ್ಗ್ ವಿಕರ್ನೆಸ್, ಮೇಲೆ ಹೇಳಿದ ಬರ್ಝಮ್‌ನ ಆ ಒಂಟಿ ಮನುಷ್ಯ. 1993ರ ಆಗಸ್ಟ್ 10ರಂದು ಓಸ್ಲೋದಲ್ಲಿ ಅದೇ ವರ್ಗ್ ಯೂರೋನಿಮಸ್‌ನನ್ನ ಇರಿದು ಕೊಂದ. 1994ರ ಮೇ ತಿಂಗಳಲ್ಲಿ ಅವನಿಗೆ 21 ವರ್ಷ ಶಿಕ್ಷೆ ಆಯಿತು. ಅದೇ ಮೇ ತಿಂಗಳಲ್ಲಿ ಆಲ್ಬಮ್ ಅಂಗಡಿಗೆ ಬಂತು. ಗಿಟಾರಿನಲ್ಲಿ ಸತ್ತವನು, ಬೇಸಿನಲ್ಲಿ ಕೊಂದವನು.

ಸತ್ತವನ ಅಪ್ಪ ಅಮ್ಮ ಕೇಳಿದ್ದು ಇಷ್ಟೇ: ನಮ್ಮ ಮಗನ ಕೊನೆಯ ಆಲ್ಬಮ್ಮಿನಲ್ಲಿ ಅವನನ್ನ ಕೊಂದವನ ಸದ್ದು ಬೇಡ, ಆ ಬೇಸ್ ತೆಗೆದು ಬೇರೆಯವರ ಕೈಲಿ ನುಡಿಸಿ. ಡ್ರಮ್ಮರ್ ಹೆಲ್‌ಹ್ಯಾಮರ್ ಆಗಲಿ ಅಂದ. ಮತ್ತೆ ರೆಕಾರ್ಡ್ ಮಾಡಿಸ್ತೀನಿ ಅಂತ ಸುದ್ದಿಯನ್ನೂ ಹಬ್ಬಿಸಿದ. ಮಾಡಿಸಲಿಲ್ಲ. ಕೊಂದವನೂ ಸತ್ತವನೂ ಒಂದೇ ಆಲ್ಬಮ್ಮಿನಲ್ಲಿ ಇರೋದೇ ಸರಿ ಅನ್ನಿಸಿತು ಅಂತ ಆಮೇಲೆ ತಾನೇ ಹೇಳಿಕೊಂಡ. ಅಂದರೆ ಈ ಆಲ್ಬಮ್ಮಿನ ಚರಿತ್ರೆಯಲ್ಲಿ ಮೊಟ್ಟಮೊದಲ 'ಮರು ರೆಕಾರ್ಡಿಂಗ್' ಒಂದು ಸುಳ್ಳು.

ಅಭಿಮಾನಿಗಳು ಇದಕ್ಕೆ ಕೊಡುವ ಸಮಜಾಯಿಷಿ ಕೇಳಬೇಕು ನೀವು. ಕಲೆ ಪವಿತ್ರ, ಮೂಲ ಮುಟ್ಟಬಾರದು, ಆ ಬೇಸ್ ತೆಗೆದರೆ ಆ ಕಾಲದ ಕತ್ತಲೆಯೇ ಹೋಗಿಬಿಡುತ್ತೆ, ಇತ್ಯಾದಿ. ಒಪ್ಪೋಣ. ಮುಟ್ಟಬಾರದು ಅಂದರೆ ಮುಟ್ಟಬಾರದು. ಇಬ್ಬರು ವಯಸ್ಸಾದವರು ಬಂದು ಬೇಡಿಕೊಂಡರೂ ಮುಟ್ಟದಷ್ಟು ಮಡಿ. ಹಾಗಾದರೆ 2015ರ ಡಿಸೆಂಬರ್ 18ರಂದು ಆ ಮಡಿ ಎಲ್ಲಿ ಹೋಗಿತ್ತು?

ಅವತ್ತು ಇವರು ಇಡೀ ಆಲ್ಬಮ್ಮನ್ನ ವೇದಿಕೆ ಮೇಲೆ ನುಡಿಸಿದರು. ಮೈಮೇಲೆ ನಿಲುವಂಗಿ, ತಲೆ ಮೇಲೆ ಮುಸುಕು, ಸುತ್ತ ಹೊಗೆ. ಉತ್ಸವದ ಹೆಸರು ಬ್ಲ್ಯಾಕ್ ಕ್ರಿಸ್‌ಮಸ್ ಮಾಸ್. ಕ್ರಿಸ್ತನನ್ನ ಅಷ್ಟು ದ್ವೇಷಿಸುವವರಿಗೆ ಅವನ ಹುಟ್ಟುಹಬ್ಬದ ರಜೆಯ ಸೀಸನ್ ಮಾತ್ರ ಬಹಳ ಅನುಕೂಲ. ಇನ್ನು ಊರು ಸ್ವೀಡನ್ನಿನ ನೋರ್‌ಶೋಪಿಂಗ್. ಆ ಭಾಷೆಯಲ್ಲಿ 'ಶೋಪಿಂಗ್' ಅಂದರೆ ಸಂತೆ ನಡೆಯುವ ಊರು, 'ನೋರ್' ಅಂದರೆ ಉತ್ತರ. ಉತ್ತರದ ಸಂತೆ! ಆಣೆ ಮಾಡಿ ಹೇಳ್ತೀನಿ, ಇದು ನಾನು ಕಟ್ಟಿದ ಜೋಕ್ ಅಲ್ಲ, ಊರು ಹುಟ್ಟಿದಾಗಿನಿಂದ ಇವರಿಗಾಗಿಯೇ ಕಾದಿತ್ತು ಅನ್ನಿಸುತ್ತೆ.

ಇಂಥ ಲೈವ್ ಆಲ್ಬಮ್ಮಿನ ದೊಡ್ಡ ಕಷ್ಟ ಏನು ಗೊತ್ತಾ? ಅದು ಮೂಲದ ಹಾಗೇ ಇದ್ದರೆ, ಹಾಗಾದರೆ ಮೂಲವನ್ನೇ ಕೇಳಬಹುದಿತ್ತಲ್ಲ ಅಂತಾರೆ. ಮೂಲದ ಹಾಗೆ ಇಲ್ಲದಿದ್ದರೆ, ಹಾಳು ಮಾಡಿಬಿಟ್ಟರು ಅಂತಾರೆ. ಎರಡನ್ನೂ ಹೇಳುವವನು ಒಬ್ಬನೇ, ಎರಡನ್ನೂ ಕೊಂಡಿರುವವನೂ ಅವನೇ. ಅವನ ಹತ್ತಿರ ಅದೇ ಆಲ್ಬಮ್ ಕ್ಯಾಸೆಟ್ಟಿನಲ್ಲಿ ಇದೆ, ಸಿಡಿಯಲ್ಲಿ ಇದೆ, ಎಲ್‌ಪಿಯಲ್ಲಿ ಇದೆ, ಬಣ್ಣದ ಎಲ್‌ಪಿಯಲ್ಲಿ ಇನ್ನೊಂದು ಸಲ ಇದೆ. ಮೂಲ ಮುಟ್ಟಬಾರದು ಅನ್ನೋದರಲ್ಲಿ ಅವನದು ಕಟ್ಟುನಿಟ್ಟು. ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿಲ್ಲ.

ನಾನೇನು ಮೇಲಿಂದ ಇಳಿದು ಬಂದವನಲ್ಲ. ನನ್ನ ಹತ್ತಿರ ಎರಡು ಇವೆ. ಹೊದಿಕೆ ಬಿಚ್ಚಿದ್ದೀನಿ, ಅಷ್ಟೇ ವ್ಯತ್ಯಾಸ.

ಮೇಹೆಮ್ ಒಂದನ್ನೇ ಬೈದರೆ ಅನ್ಯಾಯ ಆಗುತ್ತೆ. ಡಿಮ್ಮು ಬೋರ್ಗಿರ್ ಅಂತ ಇನ್ನೊಂದು ನಾರ್ವೆಯ ತಂಡ. 1996ರ ತಮ್ಮ 'ಸ್ಟೋರ್ಮ್‌ಬ್ಲೋಸ್ಟ್' ಆಲ್ಬಮ್ಮನ್ನ 2005ರಲ್ಲಿ ಸ್ಟುಡಿಯೋದಲ್ಲೇ ಕೂತು ಪೂರ್ತಿ ಮತ್ತೆ ಮಾಡಿದರು. ಶಬ್ದ ಸುಧಾರಿಸಿತು, ನಿಜ. ಜೊತೆಗೆ ಎರಡು ತುಂಡು ಸಂಗೀತ ಮಾಯ ಆಯಿತು. ಒಂದು, ಬ್ರಿಟನ್ನಿನ ಹಳೆಯ ರಾಕ್ ತಂಡವೊಂದರ ಹಾಡಿನಿಂದ ಬಂದಿದ್ದ ಕೀಬೋರ್ಡ್ ಪೀಠಿಕೆ. ಇನ್ನೊಂದು, ಅಮಿಗಾ ಕಂಪ್ಯೂಟರಿನ ಆಟವೊಂದರ ಸಂಗೀತ. ಕಗ್ಗತ್ತಲ ಕಾಡಿನ ಶೋಕ ಅಂತ ಎಷ್ಟೋ ಜನ ಕಣ್ಣು ಮುಚ್ಚಿ ಕೇಳಿದ್ದು ವಿಡಿಯೋ ಗೇಮಿನ ಟ್ಯೂನ್. ಅಂದಹಾಗೆ ಆ ಮರು ರೆಕಾರ್ಡಿಂಗ್‌ಗೆ ಡ್ರಮ್ ಬಾರಿಸಿದವನು ಯಾರು ಅಂದುಕೊಂಡಿರಿ? ಹೆಲ್‌ಹ್ಯಾಮರ್. ಹೌದು, ಅವನೇ. ಬೇರೆಯವರ ಇಡೀ ಆಲ್ಬಮ್ ಮತ್ತೆ ರೆಕಾರ್ಡ್ ಮಾಡೋಕೆ ಟೈಮ್ ಸಿಕ್ಕಿತು.

ಫಾಂಟಾಫ್ಟ್ ಚರ್ಚಿನ ಕಥೆಯಂತೂ ಇನ್ನೂ ಚೆಂದ. 12ನೇ ಶತಮಾನದ ಕಟ್ಟಡ, 1883ರಲ್ಲಿ ಬೇರೆ ಹಳ್ಳಿಯಿಂದ ಬಿಚ್ಚಿ ತಂದು ಇಲ್ಲಿ ಜೋಡಿಸಿದ್ದು. 1992ರ ಜೂನ್ 6ರಂದು ಯಾರೋ ಬೆಂಕಿ ಹಚ್ಚಿದರು. ಸುಟ್ಟಿತು. ಮತ್ತೆ ಹಾಗೆಯೇ ಕಟ್ಟಿದರು, 1997ರ ಹೊತ್ತಿಗೆ ಮುಗಿಯಿತು. ಈಗ ಪ್ರವಾಸಿಗರು ಬರ್ತಾರೆ. ಅವರಲ್ಲಿ ಕೆಲವರು ಕಪ್ಪು ಟೀ ಶರ್ಟ್ ಹಾಕಿಕೊಂಡೇ ಬಂದು ಫೋಟೋ ತೆಗೆಸಿಕೊಳ್ತಾರೆ. ಚರ್ಚು ಸುಟ್ಟ ಬ್ಲ್ಯಾಕ್ ಮೆಟಲ್ ಪೀಳಿಗೆಗೆ ಸಿಕ್ಕ ಉತ್ತರ ಅದು: ಇದೋ, ಮೊದಲಿನ ಹಾಗೇ ಮಾಡಿದ್ದೀವಿ, ಬನ್ನಿ ನೋಡಿ. ಚರ್ಚಿನವರು ಹಿಡಿದ ದಾರಿಯನ್ನೇ ಆಮೇಲೆ ಬ್ಯಾಂಡಿನವರೂ ಹಿಡಿದರು. ಮೊದಲಿನ ಹಾಗೇ ಮಾಡಿದ್ದೀವಿ, ಬನ್ನಿ ಕೇಳಿ. ಇಬ್ಬರಲ್ಲಿ ಮೂಲ ಕಳೆದುಕೊಂಡವರು ಚರ್ಚಿನವರು ಮಾತ್ರ, ಅದನ್ನ ಮರೀಬಾರದು.

ಇನ್ನು ಸರ್ಕಾರ, ಸಮಾಜ, ಗಣ್ಯರು. ಇವರೆಲ್ಲ ಸೇರಿ ಸೈತಾನನನ್ನ ಮನೆ ಅಳಿಯನ ಹಾಗೆ ನೋಡಿಕೊಂಡರು. 2007ರ ಆಲ್ಬಮ್ಮಿಗೆ ಮೇಹೆಮ್‌ಗೆ ಸ್ಪೆಲ್ಲೆಮಾನ್ ಪ್ರಶಸ್ತಿ ಬಂತು, ಅದು ನಾರ್ವೆಯ ಸಂಗೀತದ ದೊಡ್ಡ ಪ್ರಶಸ್ತಿ. ಡಿಮ್ಮು ಬೋರ್ಗಿರ್ 2011ರಲ್ಲಿ ನಾರ್ವೆ ರೇಡಿಯೋ ಆರ್ಕೆಸ್ಟ್ರಾ ಜೊತೆ ನುಡಿಸಿತು. ಸಟೈರಿಕಾನ್ ಅನ್ನೋ ಮತ್ತೊಂದು ತಂಡ 2013ರಲ್ಲಿ ಓಸ್ಲೋ ಒಪೆರಾ ಹೌಸಿನಲ್ಲಿ, ರಾಷ್ಟ್ರೀಯ ಒಪೆರಾದ ಗಾಯಕವೃಂದ ಹಿಂದೆ ನಿಂತಿರುವಾಗ ಕಿರುಚಿತು. ಡಾರ್ಕ್‌ಥ್ರೋನ್ ತಂಡದ ಫೆನ್ರಿಜ್ ಒಬ್ಬ ಮಾತ್ರ ಸ್ವಲ್ಪ ನೇರ ಮನುಷ್ಯ. ಊರಿನ ಸ್ಥಳೀಯ ಚುನಾವಣೆಗೆ ಹೆಸರು ಕೊಟ್ಟು, ಬೆಕ್ಕು ಎತ್ತಿಕೊಂಡ ಫೋಟೋ ಹಾಕಿ ದಯವಿಟ್ಟು ನನಗೆ ಓಟು ಹಾಕಬೇಡಿ ಅಂದ. ಜನ ಹಾಕಿದರು, ಬದಲಿ ಸದಸ್ಯನಾಗಿ ಗೆದ್ದೇ ಬಿಟ್ಟ. ಲೈವ್ ಕಛೇರಿಯೇ ಬೇಡ ಅಂತ ದಶಕಗಳಿಂದ ಮನೆಯಲ್ಲಿ ಕೂತವರು ಅವರು. ವೇದಿಕೆ ಹತ್ತದಿದ್ದರೆ ಲೈವ್ ಆಲ್ಬಮ್ಮಿನ ತಂಟೆಯೇ ಇಲ್ಲ, ಅಲ್ವಾ.

ಮೇಹೆಮ್‌ಗೆ ವಾಪಸ್ ಬರೋಣ. ಆ ಡಿಸೆಂಬರಿನ ರಾತ್ರಿ ವೇದಿಕೆ ಮೇಲೆ ಅಟಿಲಾ ಇದ್ದ, ಹೆಲ್‌ಹ್ಯಾಮರ್ ಇದ್ದ. ಗಿಟಾರಿಗೆ ಟೆಲೋಕ್ ಮತ್ತು ಗೂಲ್ ಅನ್ನೋ ಇಬ್ಬರು. ಬೇಸ್ ನುಡಿಸಿದವನು ನೆಕ್ರೋಬುಚರ್, ತಂಡ ಕಟ್ಟಿದವರಲ್ಲಿ ಒಬ್ಬ, ಹಿಂದೆ ಅಸಹ್ಯಪಟ್ಟು ಬಿಟ್ಟು ಹೋಗಿ 90ರ ದಶಕದಲ್ಲೇ ತಿರುಗಿ ಬಂದವನು. ಎಂಟೂ ಹಾಡಿಗೆ ಅವನದೇ ಬೇಸ್. ಅಂದರೆ ಕೊಂದವನ ಸದ್ದು ಇಲ್ಲದ ಆಲ್ಬಮ್ ಕೊನೆಗೂ ತಯಾರಾಯಿತು. ಆ ಅಪ್ಪ ಅಮ್ಮ ಕೇಳಿದ್ದು ಇದನ್ನೇ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಅದೂ ಬೇಕಂತ ಹಾಕಿದ್ದಲ್ಲ, ಗಾಳಿಗೆ ಬಿದ್ದಿದ್ದು. ಈ ಆಲ್ಬಮ್ಮಿನಲ್ಲಿ ಅವರ ಮಗನ ಗಿಟಾರೂ ಇಲ್ಲ.

ಸಂತೆಗೆ ಮೂರು ಮೊಳ ನೇಯೋದು ಅಂತ ನಮ್ಮಲ್ಲಿ ಗಾದೆ. ಸಂತೆಗೆ ತಾನೇ ಅಂತ ಹೇಗೋ ನೇಯ್ದು ಬಿಸಾಕುವ ಕೆಲಸ. ಇವರು ಉಲ್ಟಾ. ಸಂತೆಗೆ ನೇಯ್ದಿದ್ದರಲ್ಲಿ ಒಂದು ಎಳೆ ತಪ್ಪಿಲ್ಲ: ಹಾಡಿನ ಸಾಲು ಅದೇ, ಹೊಗೆ ಸರಿಯಾದ ಟೈಮಿಗೆ, ವ್ಯಾಕರಣ ದೋಷವೂ ಇದ್ದಲ್ಲೇ. ಮನೆಯವರು ಕೇಳಿದ ಆ ಒಂದು ಎಳೆ ಮಾತ್ರ 1994ರಿಂದ ಹಾಗೇ ಇದೆ. ಮೂಲ ಆಲ್ಬಮ್ ಈಗಲೂ ಮಾರಾಟಕ್ಕಿದೆ, ಮತ್ತೆ ಮತ್ತೆ ಅಚ್ಚಾಗುತ್ತೆ. ಬೇಸ್ ಗಿಟಾರಿನಲ್ಲಿ ಇರುವವನು ಅವನೇ.