ಏಪ್ರಿಲ್‌ನಲ್ಲಿ ಕ್ಯಾರೆಟ್ ಕೇಳೋ ಮಹನೀಯರಿಗೆ

ರೈತರ ಸಂತೆಗೆ ಬಂದು "ಕ್ಯಾರೆಟ್ ಇಲ್ವಾ?" ಅಂತ ಮೂಗು ಮುರಿಯೋರನ್ನ ಕಂಡ್ರೆ ನನಗೆ ಮೈಯೆಲ್ಲ ಉರಿಯತ್ತೆ. ಇವತ್ತು ಬೆಳಿಗ್ಗೆ ಉರಿದದ್ದು ಇನ್ನೂ ಆರಿಲ್ಲ, ಅದಕ್ಕೇ ಇಲ್ಲಿ ಕಾರ್ಕೊಳ್ತಿದೀನಿ. ನನ್ನ ಬಾಯಿ ಗೊತ್ತಿರೋರು ಚಹಾ ಇಟ್ಕೊಂಡು ಕೂತ್ಕೊಳ್ಳಿ. ಗೊತ್ತಿಲ್ಲದೋರು ಇಲ್ಲಿಂದಲೇ ವಾಪಸ್ ಹೋದ್ರೆ ಇಬ್ಬರಿಗೂ ಕ್ಷೇಮ.

ದಾವಣಗೆರೆಯ ನಮ್ಮ ಬಡಾವಣೆ ಪಾರ್ಕಿನ ಪಕ್ಕ ಭಾನುವಾರ ಬೆಳಿಗ್ಗೆ ಕೂರೋ ಸಂತೆ ನಿಮಗೆ ಗೊತ್ತೇ ಇದೆ. ಸುತ್ತಲಿನ ಆನಗೋಡು, ಮಾಯಕೊಂಡ, ಅಣಜಿ ಕಡೆಯಿಂದ ರೈತರು ನಸುಕಿಗೇ ಆಟೋದಲ್ಲಿ ಬಂದು ಗೋಣಿಚೀಲ ಹಾಸ್ತಾರೆ. ಯುಗಾದಿ ಮುಗಿದ ಮೇಲಿನ ಈ ಎರಡು ಮೂರು ವಾರ ಆ ಸಂತೆ ನೋಡೋಕೇ ಒಂದು ಚೆಂದ. ನುಗ್ಗೆಕಾಯಿ ಕಟ್ಟು ಕಟ್ಟಾಗಿ ಬಿದ್ದಿರತ್ತೆ. ಹೆಬ್ಬೆರಳು ಗಾತ್ರದ ಮಿಡಿ ಸೌತೆ, ಮೈಮೇಲೆ ಇನ್ನೂ ಮುಳ್ಳು ಉದುರಿರಲ್ಲ. ಗಿಣಿಮೂತಿ ಮಾವಿನಕಾಯಿ, ದಂಟಿನ ಸೊಪ್ಪು, ಬಲಿಯದ ಹೀರೇಕಾಯಿ. ಮತ್ತೆ ಹೊಸ ಹುಣಸೆಹಣ್ಣು! ಅಂಗಡಿ ಡಬ್ಬದಲ್ಲಿರೋ ಕಪ್ಪು ಮುದ್ದೆ ಅಲ್ಲ ರೀ, ಈಗಷ್ಟೇ ಚಿಪ್ಪು ಬಿಡಿಸಿದ್ದು, ಜೇನಿನ ಬಣ್ಣ, ಕೈಗೆ ಅಂಟಂಟು, ಮೂಸಿದ್ರೆ ಸಾಕು ಹಲ್ಲು ಜುಮ್ ಅನ್ನತ್ತೆ. ಮಲೆನಾಡಿನ ಕಡೆಯೋರು ಒಬ್ಬರು ಅಪ್ಪೆಮಿಡಿ, ಅದೇ ಉಪ್ಪಿನಕಾಯಿಗೆ ಹಾಕೋ ಎಳೇ ಮಾವಿನಮಿಡಿ, ತಂದಿದ್ರು. ಅದನ್ನ ಕಿಲೋ ಲೆಕ್ಕದಲ್ಲಿ ಕೊಡಲ್ಲ, ನೂರಕ್ಕೆ ಇಷ್ಟು ಅಂತ ಎಣಿಸಿಯೇ ಕೊಡೋದು. ತೊಟ್ಟು ಮುರಿದು ಸೊನೆ ಮೂಸಿ ನೋಡಿ ಅಂತ ಅವರೇ ಕೈಗೆ ಕೊಟ್ರು. ಜೀರಿಗೆ ವಾಸನೆ. ಅಷ್ಟು ಸಾಕಲ್ವೇನ್ರೀ ಒಂದು ಭಾನುವಾರಕ್ಕೆ?

ಸಾಕಾಗಲ್ಲ. ನಮ್ಮ ಜನಕ್ಕೆ ಕ್ಯಾರೆಟ್ ಬೇಕು.

ನಾನು ಯಾವಾಗ್ಲೂ ತಗೊಳ್ಳೋ ಆನಗೋಡು ಕಡೆ ಅಜ್ಜಿ ಮುಂದೆ ಕುಕ್ಕರುಗಾಲಲ್ಲಿ ಕೂತು ನುಗ್ಗೆಕಾಯಿ ಆರಿಸ್ತಿದ್ದೆ. (ಬೆರಳಲ್ಲಿ ತಿರುಚಿ ನೋಡಬೇಕು, ಬಗ್ಗಿದ್ರೆ ಎಳೆದು, ಕಡ್ಡಿ ಹಂಗೆ ನಿಂತ್ರೆ ಬಲಿತದ್ದು. ಇದೂ ಗೊತ್ತಿಲ್ಲದೆ ಸಂಸಾರ ಮಾಡ್ತೀರಿ.) ವಾಕಿಂಗ್ ಬೂಟಿನ ದಂಪತಿ ಬಂದು ನಿಂತ್ರು. ನಿಂತೇ ಕೇಳಿದ್ರು, "ಕ್ಯಾರೆಟ್ ಇಲ್ವಾ?" ಇಲ್ಲ. "ಬೀನ್ಸ್?" ಇಲ್ಲ. "ಹೂಕೋಸು?" ಇಲ್ಲಮ್ಮ, ಸೌತೇಕಾಯಿ ಎಳೆದೈತಿ ನೋಡ್ರಿ. "ಏನೂ ಇಲ್ಲ ಇಲ್ಲಿ, ಬನ್ನಿ" ಅಂತ ಹೊರಟೇ ಹೋದ್ರು. ಏನೂ ಇಲ್ಲ! ಆರು ಥರ ತರಕಾರಿ ಹರಡಿಕೊಂಡು ಕೂತ ಹೆಂಗಸಿನ ಮುಂದೆ! ಅವರ ಹಿಂದೆ ಇನ್ನೊಬ್ಬರು, ಅದೇ ಪ್ರಶ್ನೆ. ಅವರ ಹಿಂದೆ ಮತ್ತೊಬ್ಬರು.

ಅಜ್ಜಿ ಬೇಜಾರೇನೂ ಮಾಡ್ಕೊಳ್ಳಲಿಲ್ಲ, ನನ್ನ ಎದೆಗೆ ಚುಚ್ಚಿದ್ದು ಅದೇ. ಒದ್ದೆ ಗೋಣಿಪಟ್ಟೆ ಸರಿಸಿ ಸೊಪ್ಪಿಗೆ ನೀರು ಚಿಮುಕಿಸ್ತಾ ಅಂದ್ಳು: "ಮುಂದಿನ ವಾರ ನಾನೂ ಎಪಿಎಂಸೀಲಿ ಎರಡು ಕ್ರೇಟ್ ಕ್ಯಾರೆಟ್ ಎತ್ಕೊಂಡು ಬತ್ತೀನಿ ಬಿಡವ್ವ. ಆ ಹುಡುಗ ಹಂಗೇ ಮಾಡಾದು."

ಆ ಹುಡುಗ ಅಂದ್ರೆ ಪಕ್ಕದವನು. ಮುಂದೆ 'ನಮ್ಮ ಹೊಲದ್ದು' ಅನ್ನೋ ಬೋರ್ಡು, ಹಿಂದೆ ಪ್ಲಾಸ್ಟಿಕ್ ಕ್ರೇಟಿನಲ್ಲಿ ತೊಳೆದು ಮಿಂಚೋ ಕ್ಯಾರೆಟ್ಟು. ಗಿರಾಕಿ ಮುತ್ತಿಕೊಂಡಿದ್ರು. ಅಲ್ಲಪ್ಪಾ, ದಾವಣಗೆರೆ ಸುತ್ತ ಏಪ್ರಿಲ್‌ನಲ್ಲಿ ಕ್ಯಾರೆಟ್ ಬೆಳೆಯೋ ಹೊಲ ಯಾವುದಪ್ಪಾ ಅದು? ಹವಾ ತಂಪಿದ್ರೆ, ಅಂದ್ರೆ 15ರಿಂದ 20 ಡಿಗ್ರಿ ಆಸುಪಾಸು ಇದ್ರೆ, ಕ್ಯಾರೆಟ್ಟಿಗೆ ಬಣ್ಣ ರುಚಿ ಎರಡೂ. ಬೀನ್ಸ್ ಅಂತೂ 30 ದಾಟಿದ್ರೆ ಹೂ ಉದುರಿಸಿಕೊಂಡು ಬೋಳಾಗಿ ನಿಲ್ಲತ್ತೆ. ನಮ್ಮಲ್ಲಿ ಈಗ ಮಧ್ಯಾಹ್ನ ಚಪ್ಪಲಿ ಇಲ್ಲದೆ ಅಂಗಳಕ್ಕೆ ಕಾಲಿಡೋ ಹಾಗಿಲ್ಲ. ಆ ಕ್ಯಾರೆಟ್ಟು ಊಟಿಯದೋ ಮಾಲೂರಿನದೋ, ಲಾರಿ ಹತ್ತಿ, ದಲ್ಲಾಳಿ ಕೈ ದಾಟಿ, ಇಲ್ಲಿ ಬಂದು 'ನಮ್ಮ ಹೊಲದ್ದು' ಆಗಿದೆ. ಹುಡುಗನನ್ನ ಬೈಯ್ಯೋಕೆ ಮನಸ್ಸು ಬರಲ್ಲ. ಅವನೂ ಒಂದು ಕಾಲಕ್ಕೆ ಬದನೆಕಾಯಿ ತಂದು ಕೂತು, ಸಂಜೆಗೆ ಬಾಡಿದ್ದನ್ನ ವಾಪಸ್ ಹೊತ್ಕೊಂಡು ಹೋಗಿರ್ತಾನೆ. ಅವನಿಗೆ ಸುಳ್ಳು ಹೇಳೋದು ಕಲಿಸಿದ್ದು ನಾವು, ಚೀಲ ಹಿಡಿದು ನಿಂತೋರು.

ಮಾವಿನ ಹಣ್ಣಿನ ಕಥೆಯೂ ಇದೇ. ಯುಗಾದಿಗೆ ಮೊದಲೇ "ಬಾದಾಮಿ ಹಣ್ಣು ಬಂತಾ?" ಅಂತ ಶುರು. ನಮ್ಮ ಸೀಮೆ ಮರದಲ್ಲಿ ಕಾಯಿ ಬಲಿಯೋಕೆ ಮೇ ತಿಂಗಳು ಬರಬೇಕು. ನಿಮಗೆ ತಡೆಯಲ್ಲ ಅಂದ್ರೆ ಯಾರೋ ಒಬ್ಬ ಎಳೇಕಾಯಿ ಕಿತ್ತು, ಬೇಗ ಹಣ್ಣಾಗ್ಲಿ ಅಂತ ಕಾರ್ಬೈಡ್ ಪೊಟ್ಟಣ ಇಟ್ಟು ಮೂಲೇಲಿ ಮುಚ್ಚಿಡ್ತಾನೆ. ಅದು ಕಾನೂನಿನಲ್ಲಿ ನಿಷೇಧ, 2011ರ ಆಹಾರ ಸುರಕ್ಷತಾ ನಿಯಮದಲ್ಲೇ ಸ್ಪಷ್ಟವಾಗಿ ಬರೆದಿದೆ, ಎಥಿಲೀನ್ ಅನಿಲಕ್ಕೆ ಮಾತ್ರ ಒಪ್ಪಿಗೆ. ಹೊರಗೆ ಅರಿಶಿನದ ಹಾಗೆ ಹಳದಿ, ಕೊಯ್ದ್ರೆ ಒಳಗೆ ಬಿಳಿ, ತಿಂದ್ರೆ ಸೌತೇಕಾಯಿ. ಆಮೇಲೆ "ಈ ವರ್ಷ ಹಣ್ಣಿಗೆ ರುಚಿಯೇ ಇಲ್ಲ" ಅಂತ ರಾಗ. ಕಾಯಿ ಸಿಗೋ ಕಾಲದಲ್ಲಿ ಕಾಯಿ ತಿನ್ರೀ! ಚಿತ್ರಾನ್ನ ಮಾಡಿ, ಗೊಜ್ಜು ಮಾಡಿ. ಮಂಡಕ್ಕಿ ಊರಲ್ಲಿದ್ದೀವಿ, ಖಾರ ಮಂಡಕ್ಕಿಗೆ ಒಂದು ಹಿಡಿ ಮಾವಿನಕಾಯಿ ತುರಿ ಹಾಕೋಕೆ ನಿಮಗೆ ಯಾರ ಅಪ್ಪಣೆ ಬೇಕು?

ಇದನ್ನೇ ಅಲ್ಲೇ ನಿಂತು ಜೋರಾಗಿ ಅಂದೆ ಅನ್ನಿ. ಪರಿಚಯದ ಮೇಡಂ ಒಬ್ಬರು ಬುದ್ಧಿ ಹೇಳಿದ್ರು: "ಗಿರಾಕಿ ಕೇಳಿದ್ದು ಕೊಡೋದೇ ವ್ಯಾಪಾರ ಅಲ್ವಾ? ಮಕ್ಕಳು ಕ್ಯಾರೆಟ್ ಬಿಟ್ರೆ ಏನೂ ಮುಟ್ಟಲ್ಲ, ಕಣ್ಣಿಗೆ ಒಳ್ಳೇದು." ಸರಿ ತಾಯಿ. ಕ್ಯಾರೆಟ್ ಬೇಕಾದ್ರೆ ಊರೊಳಗೆ ಕೆ.ಆರ್. ಮಾರ್ಕೆಟ್ ಇದೆ, ಬೀದಿಗೊಂದು ತಳ್ಳೋಗಾಡಿ ಇದೆ, ಹತ್ತು ನಿಮಿಷದಲ್ಲಿ ಬಾಗಿಲಿಗೇ ತಂದುಕೊಡೋ ಆಪ್ ಇದೆ. ಬೆಳೆದವಳೇ ಬಂದು ಕೂರೋ ಜಾಗ ಇದೊಂದೇ. ಇಲ್ಲೂ ಬಂದು ಅದನ್ನೇ ಕೇಳಿದ್ರೆ ಹೆಂಗೆ? ಕಣ್ಣಿಗೆ ಒಳ್ಳೇದು ಬೇಕಾದ್ರೆ ನುಗ್ಗೆಸೊಪ್ಪು ಹೆಸರುಬೇಳೆ ಪಲ್ಯ ಮಾಡಿ ಹಾಕಿ. ಮಕ್ಕಳು ಮುಟ್ಟಲ್ಲ ಅಂತೆ. ನೀವು ಮುಟ್ಟಿದ್ದನ್ನ ಅವು ಎಂದಾದ್ರೂ ನೋಡಿದಾವಾ?

ಡಿಸೆಂಬರ್-ಜನವರಿ ಚಳೀಲಿ ನುಗ್ಗೆಕಾಯಿ ಕಿಲೋ 300 ರೂಪಾಯಿ ದಾಟಿದಾಗ ಇವರೇ ಒಂದೊಂದು ಕಾಯಿ ಎಣಿಸಿ ಮನೆಗೆ ಒಯ್ದದ್ದು ಕಣ್ಣಾರೆ ಕಂಡಿದೀನಿ. ಆಗ ಮರದಲ್ಲಿ ಕಾಯಿ ಇರಲ್ಲ, ಆಗಲೇ ಬೇಕು. ಈಗ ಅರಭಾವಿ ತೋಟಗಾರಿಕೆ ಕಾಲೇಜಿನ 'ಭಾಗ್ಯ' ನುಗ್ಗೆ ತಳಿ ಹಾಕಿದೋರ ತೋಟದಲ್ಲಿ ಟೊಂಗೆ ಮುರಿಯೋ ಹಾಗೆ ಜೋತು ಬಿದ್ದಿದೆ, ಬೆಲೆ ನೆಲ ಕಚ್ಚಿದೆ, ಈಗ ಬೇಡ. ಇದಕ್ಕೆ ಔಷಧಿ ಇದ್ರೆ ಹೇಳಿ.

ನಮ್ಮ ಮನೇಲೂ ಕ್ಯಾರೆಟ್ ಪಾರ್ಟಿ ಒಂದಿದೆ, ಹೆಸರು ಹೇಳಲ್ಲ, ನನ್ನ ಕೊರಳಿಗೆ ತಾಳಿ ಕಟ್ಟಿದವರು. ಉಪ್ಪಿಟ್ಟಿಗೆ ಕ್ಯಾರೆಟ್ ಬೀನ್ಸ್ ಬೀಳದಿದ್ರೆ ಅವರಿಗೆ ಅದು ಉಪ್ಪಿಟ್ಟೇ ಅಲ್ಲ. ಈ ವಿಷಯಕ್ಕೆ ನಾವಿಬ್ಬರೂ ಸಂತೆಗೆ ಜೊತೆಯಾಗಿ ಹೋಗೋದನ್ನೇ ಬಿಟ್ಟಿದೀವಿ. ಸಂಸಾರ ಚೆನ್ನಾಗಿದೆ.

ನಾನು ಯಾಕೆ ಇಷ್ಟು ಕುಣೀತೀನಿ ಅಂತ ಕೇಳ್ತೀರಿ. ನಾನು ಜಗಳೂರು ಸೀಮೆಯವಳು. ಬೇಸಿಗೆ ಅಂದ್ರೆ ನಮ್ಮಲ್ಲಿ ಹಸಿರು ಅನ್ನೋದು ಕಣ್ಣಿಗೆ ಬೀಳ್ತಿರಲಿಲ್ಲ. ಅವ್ವ ಒಣಗಿಸಿಟ್ಟ ಚೌಳಿಕಾಯಿ ಬಾಳಕ, ಹುರುಳಿಕಾಳು, ಹುಣಸೆ ಸಾರು, ಅದರಲ್ಲೇ ಯುಗಾದಿಯಿಂದ ಮಳೆಗಾಲದವರೆಗೆ. ಹಿತ್ತಲ ನುಗ್ಗೆ ಮರ ಒಂದೇ ಆಸರೆ. ಸಾರಿನಲ್ಲಿ ಯಾರ ತಟ್ಟೆಗೆ ಎಷ್ಟು ತುಂಡು ಬಿತ್ತು ಅಂತ ನಾವು ಅಕ್ಕತಂಗಿಯರು ಕೂದಲು ಹಿಡಿದು ಬಡಿದಾಡಿದೀವಿ. ಅಂಥವಳ ಮುಂದೆ ನುಗ್ಗೆಕಾಯಿ ರಾಶಿ ನೋಡಿ "ಏನೂ ಇಲ್ಲ" ಅಂದ್ರೆ ನನ್ನ ತಲೆ ತಿರುಗದೆ ಇನ್ನೇನಾಗತ್ತೆ?

ಇರಲಿ. ಆಗಬೇಕಾದ ಕೆಲಸ ಒಂದಿದೆ. ಅಜ್ಜಿ ಮನೇಲಿ ಇನ್ನೂ ಎರಡು ಮೂಟೆ ಹುಣಸೆಹಣ್ಣು ಇದೆಯಂತೆ. ನಮ್ಮ ಸಾಲಿನ ನಾಲ್ಕೈದು ಮನೆಯೋರು ಸೇರಿ ಒಂದು ಮೂಟೆ ಹೇಳಿಬಿಟ್ಟಿದೀವಿ, ಇನ್ನೊಂದಕ್ಕೆ ಜನ ಬೇಕು. ಶನಿವಾರ ಸಂಜೆಯೊಳಗೆ ಫೋನ್ ಮಾಡಿ. ಬೀಜ ಸಮೇತ ಬರತ್ತೆ, ನಾರು ಬೀಜ ನೀವೇ ಬಿಡಿಸ್ಕೋಬೇಕು, ಕಲ್ಲುಪ್ಪು ಹಾಕಿ ಜಾಡೀಲಿ ತುಂಬಿಟ್ಟುಕೊಂಡ್ರೆ ವರ್ಷಕ್ಕೆ ಚಿಂತೆ ಇಲ್ಲ. ಚೌಕಾಸಿ ಮಾಡೋರು ಫೋನ್ ಮಾಡಬೇಡಿ.