ಮೋಲ್ಡ್ ಹಾಕುವ ಮುಂಚೆ ಬೆಳಕಿಗೊಂದು ದಾರಿ ಬಿಡಿ

ಅಮ್ಮ ನಮ್ಮಲ್ಲಿಗೆ ಬಂದ ಮೊದಲ ದಿನ. ಬಚ್ಚಲಿಂದ ಹೊರಗೆ ಬಂದವರು ಗೋಡೆ ತಡವುತ್ತಾ ನಿಂತಿದ್ದರು. "ಲೈಟು ಆರ್ತಾನೇ ಇಲ್ಲ ನೋಡೋ, ಯಾವ ಸ್ವಿಚ್ಚು ಇದಕ್ಕೆ?" ಅಂತ ಕೇಳಿದರು. ನಾನು ಮೇಲೆ ತೋರಿಸಿದೆ. "ಅದು ಲೈಟಲ್ಲಮ್ಮ, ಬಿಸಿಲು." ಅವರು ನಂಬಲಿಲ್ಲ. ಅಷ್ಟರಲ್ಲಿ ಒಂದು ಮೋಡ ಬಂತು. ಬಚ್ಚಲು ಮಂಕಾಯಿತು, ಮೋಡ ಸರಿದ ಮೇಲೆ ಮತ್ತೆ ಬೆಳಗಾಯಿತು. ಅಮ್ಮ ತಲೆ ಎತ್ತಿ ನೋಡುತ್ತಾ ಬಾಗಿಲಲ್ಲೇ ನಿಂತುಬಿಟ್ಟರು.

ನಮ್ಮ ಬಚ್ಚಲಿಗೆ ಕಿಟಕಿ ಇಲ್ಲ. ಮನೆಯ ನಟ್ಟನಡುವೆ ಇದೆ. ಮುಂಚೆ ಮಧ್ಯಾಹ್ನ 12 ಗಂಟೆಗೂ ಲೈಟ್ ಹಾಕಿಕೊಂಡೇ ಒಳಗೆ ಹೋಗಬೇಕಿತ್ತು. ಈಗ ಅಲ್ಲಿ ಚಾವಣಿಯಲ್ಲಿ ಒಂದು ದುಂಡನೆ ಬಿಲ್ಲೆ ಇದೆ, ಊಟದ ತಟ್ಟೆಯಷ್ಟು ಅಗಲ. ಅದರ ಹಿಂದೆ ಕನ್ನಡಿಯಂತೆ ಹೊಳೆಯುವ ಕೊಳವೆ. ಕೊಳವೆಯ ಇನ್ನೊಂದು ತುದಿ ಮನೆಯ ಮಾಡಿನ ಮೇಲೆ ಆಕಾಶ ನೋಡುತ್ತಾ ಕೂತಿದೆ. ಇದನ್ನು ನಾನು ಕೊಳವೆ ಬೆಳಕಿಂಡಿ ಅಂತಲೇ ಕರೆಯುತ್ತೇನೆ. ಬೆಳಕಿಂಡಿ ಅನ್ನೋ ಒಳ್ಳೆ ಪದ ನಮ್ಮಲ್ಲಿ ಇರುವಾಗ ಬೇರೆ ಹೆಸರು ಯಾಕೆ ಬೇಕು, ಅಲ್ವಾ?

ಪದ ಅಷ್ಟೇ ಅಲ್ಲ, ವಿಚಾರವೂ ನಮಗೆ ಹೊಸದಲ್ಲ. ಮಾಳಿಗೆ ಮನೆಗಳ ಚಾವಣಿಯಲ್ಲಿ ಬೆಳಕಿಂಡಿ ಇರುತ್ತಿತ್ತು. ಮಳೆ ಬಂದರೆ ಯಾರಾದರೂ ಮೇಲೆ ಹತ್ತಿ ಮುಚ್ಚಬೇಕು. ಹಂಚಿನ ಮನೆಯಲ್ಲಿ ಅದು ಇನ್ನೂ ಸುಲಭ. ಕತ್ತಲೆ ಇರುವ ಕಡೆ ಒಂದು ಮಣ್ಣಿನ ಹಂಚು ತೆಗೆದು ಅದೇ ಅಳತೆಯ ಗಾಜಿನ ಹಂಚು ಇಟ್ಟರೆ ಮುಗಿಯಿತು. ಅದರಿಂದ ಇಳಿಯುವ ಬಿಸಿಲುಕೋಲು ಬೆಳಿಗ್ಗೆ ಒಂದು ಗೋಡೆ ಮೇಲೆ, ಮಧ್ಯಾಹ್ನ ನೆಲದ ಮೇಲೆ, ಸಂಜೆ ಇನ್ನೊಂದು ಗೋಡೆ ಮೇಲೆ. ಗಡಿಯಾರ ನೋಡದೆ ಹೊತ್ತು ಹೇಳಬಹುದಿತ್ತು.

ಆಮೇಲೆ ಕಾಂಕ್ರೀಟ್ ಸ್ಲ್ಯಾಬ್ ಬಂತು. ತುಂಬಾ ಒಳ್ಳೆಯದೇ ಆಯಿತು. ಸೋರುವ ಹಂಚು ಸರಿಮಾಡುವ ಕೆಲಸ ತಪ್ಪಿತು. ಬಟ್ಟೆ ಒಣಗಿಸಲು, ಟ್ಯಾಂಕ್ ಇಡಲು, ಮುಂದೆ ಇನ್ನೊಂದು ಮಹಡಿ ಎತ್ತಲು ಜಾಗ ಸಿಕ್ಕಿತು. ಆದರೆ ಮೇಲಿನಿಂದ ಬರುತ್ತಿದ್ದ ಬೆಳಕಿನ ದಾರಿ ಮುಚ್ಚಿಹೋಯಿತು. ಪಕ್ಕದ ಮನೆಯ ಗೋಡೆ ಕೈಗೆ ಸಿಗುವಷ್ಟು ಹತ್ತಿರ ಇದ್ದಾಗ ಕಿಟಕಿ ಇಟ್ಟರೂ ಏನು ಬಂತು? ನಡುವಿನ ಕೋಣೆ, ಮೆಟ್ಟಿಲು, ಬಚ್ಚಲು, ಓಡಾಡುವ ಜಾಗ ಎಲ್ಲ ಹಾಡಹಗಲೇ ಕತ್ತಲೆ. ಅದಕ್ಕೆ ನಾವು ಕಂಡುಕೊಂಡ ಉತ್ತರ ಟ್ಯೂಬ್‌ಲೈಟ್. ಹೊರಗೆ ಕಣ್ಣು ಬಿಡಲಾಗದಷ್ಟು ಬಿಸಿಲು, ಒಳಗೆ ಟ್ಯೂಬ್‌ಲೈಟ್. ರಜೆಗೆ ಊರಿಗೆ ಬಂದಾಗಲೆಲ್ಲ ನನಗೆ ಇದು ಚುಚ್ಚುತ್ತದೆ.

ನಾನೀಗ ಹೊರದೇಶದಲ್ಲಿ ಇರುವುದು ಮರದ ಚೌಕಟ್ಟಿನ ಮನೆ. ಇಳಿಜಾರು ಮಾಡು, ಅದರ ಕೆಳಗೆ ಅಟ್ಟ, ಅಟ್ಟದ ಕೆಳಗೆ ಜಿಪ್ಸಮ್ ಹಲಗೆಯ ಸೀಲಿಂಗ್. ಇಂಥ ಮನೆಗೆ ತೂತು ಕೊರೆಯುವುದು ದೊಡ್ಡ ಕೆಲಸವೇ ಅಲ್ಲ. ಮಾಡಿನ ತೊಲೆಗಳು ಸಾಮಾನ್ಯವಾಗಿ 16 ಇಲ್ಲವೇ 24 ಇಂಚಿಗೆ ಒಂದರಂತೆ ಇರುತ್ತವೆ. 10 ಇಂಚಿನ ಕೊಳವೆ ಅವುಗಳ ನಡುವೆ ಸಲೀಸಾಗಿ ಇಳಿಯುತ್ತದೆ, ಒಂದು ತೊಲೆಯನ್ನೂ ಮುಟ್ಟಬೇಕಿಲ್ಲ. ದೊಡ್ಡ ಗಾಜಿನ ಬೆಳಕಿಂಡಿ ಇಡಬೇಕಾದರೆ ಎಷ್ಟೋ ಸಲ ತೊಲೆ ಕತ್ತರಿಸಿ ಪಕ್ಕಕ್ಕೆ ಆಸರೆ ಕೊಡಬೇಕು, ಅಟ್ಟದೊಳಗೆ ಹಲಗೆಯ ಗೂಡು ಕಟ್ಟಬೇಕು, ಬಣ್ಣ ಹೊಡೆಯಬೇಕು. ಕೊಳವೆಯದ್ದು ಹಾಗಲ್ಲ, ಒಂದೇ ದಿನದಲ್ಲಿ ಮುಗಿಯುತ್ತದೆ.

ನಮ್ಮಲ್ಲಿ ಬೆಳಿಗ್ಗೆ ಶುರುವಾದ ಕೆಲಸ ಮಧ್ಯಾಹ್ನಕ್ಕೆ ಮುಗಿಯಿತು. ಕೂರಿಸಲು ಬಂದವರು ಮೊದಲು ಸೀಲಿಂಗಿಗೆ ಸಣ್ಣ ತೂತು ಮಾಡಿ ಅಟ್ಟದಲ್ಲಿ ವೈರು, ಪೈಪು ಏನಾದರೂ ಅಡ್ಡ ಇದೆಯಾ ನೋಡಿದರು. ಆಮೇಲೆ ಮಾಡಿನ ಮೇಲೆ ಗುರುತು ಹಾಕಿ ದುಂಡಗೆ ಕೊರೆದರು. ನಾನು ಅಟ್ಟದಲ್ಲಿ ಟಾರ್ಚ್ ಹಿಡಿದು ನಿಂತಿದ್ದೆ. ಕೊರೆದ ಬಿಲ್ಲೆ ಬಿದ್ದ ಕೂಡಲೇ ಅಷ್ಟು ವರ್ಷ ಕತ್ತಲೆ ಇದ್ದ ಅಟ್ಟದೊಳಗೆ ಬಿಸಿಲುಕೋಲು ಇಳಿಯಿತು. ದೂಳಿನ ಕಣಗಳು ಅದರಲ್ಲಿ ತಿರುಗುತ್ತಿದ್ದವು. ಗಾಜಿನ ಹಂಚಿನ ಕೆಳಗೆ ಕೂತು ಇದೇ ದೂಳು ಹಿಡಿಯಲು ಹೋಗುತ್ತಿದ್ದ ನೆನಪು ಬಂತು. ಟಾರ್ಚ್ ಆರಿಸಿದೆ.

ಅವರು ಹೆಚ್ಚು ಹೊತ್ತು ಕಳೆದದ್ದು ಫ್ಲಾಶಿಂಗ್ ಮೇಲೆ. ಫ್ಲಾಶಿಂಗ್ ಅಂದರೆ ತೂತಿನ ಸುತ್ತ ಕೂರುವ ತಗಡಿನ ಹ್ಯಾಟು. ಅದರ ಮೇಲಿನ ಅಂಚು ಮಾಡಿನ ಹೊದಿಕೆಯ ಒಳಗೆ ಸೇರಬೇಕು, ಕೆಳಗಿನ ಅಂಚು ಹೊದಿಕೆಯ ಮೇಲೆ ಕೂರಬೇಕು. ಹಂಚು ಹೊದಿಸುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ: ಮೇಲಿನ ಹಂಚಿನ ನೀರು ಕೆಳಗಿನ ಹಂಚಿನ ಬೆನ್ನ ಮೇಲೆ ಬೀಳಬೇಕು. ಇದು ತಪ್ಪಿದರೆ ಸಂದು ಮುಚ್ಚುವ ಸೀಲಂಟ್ ಎಷ್ಟು ಮೆತ್ತಿದರೂ ಒಂದೆರಡು ಮಳೆಗಾಲದಲ್ಲಿ ಸೋರುತ್ತದೆ.

ಈ ಕೊಳವೆ 1980ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ರೂಪ ಪಡೆಯಿತು. ಅದರಲ್ಲಿ ಇರುವುದು ಮೂರೇ ಭಾಗ. ಮೇಲೆ ಅಕ್ರಿಲಿಕ್ ಅಥವಾ ಪಾಲಿಕಾರ್ಬೊನೇಟಿನ ಗುಮ್ಮಟ, ನಡುವೆ ಒಳಮೈ ಹೊಳೆಯುವ ಕೊಳವೆ, ಕೆಳಗೆ ಬೆಳಕನ್ನು ಚದುರಿಸುವ ಬಿಲ್ಲೆ. ಇದರ ಜೀವ ಇರುವುದು ಒಳಮೈಯ ಹೊಳಪಿನಲ್ಲಿ. ಬೆಳಕು ಗೋಡೆಯಿಂದ ಗೋಡೆಗೆ ಪುಟಿಯುತ್ತಾ ಇಳಿಯುತ್ತದೆ. ಪ್ರತಿ ಪುಟಿತಕ್ಕೂ ಸ್ವಲ್ಪ ಸ್ವಲ್ಪ ಕಳೆದುಹೋಗುತ್ತದೆ. ಶೇಕಡಾ 98 ಬೆಳಕು ಹಿಂತಿರುಗಿಸುವ ಒಳಮೈ ಇದ್ದರೆ 12 ಸಲ ಪುಟಿದ ಮೇಲೂ ಸುಮಾರು 78 ಭಾಗ ಉಳಿಯುತ್ತದೆ. ಶೇಕಡಾ 85ರ ಅಗ್ಗದ ತಗಡಾದರೆ ಉಳಿಯುವುದು ಬರೀ 14. ಹೊರಗಿಂದ ನೋಡಿದರೆ ಎರಡೂ ಪಳಪಳ ಹೊಳೆಯುತ್ತವೆ! ಸುಕ್ಕುಸುಕ್ಕಾದ, ಬಗ್ಗುವ ಕೊಳವೆಗಳೂ ಸಿಗುತ್ತವೆ. ಕೂರಿಸಲು ಸುಲಭ, ಆದರೆ ಪ್ರತಿ ಸುಕ್ಕಿನಲ್ಲೂ ಬೆಳಕು ದಿಕ್ಕು ತಪ್ಪುತ್ತದೆ. ಒಂದೆರಡು ಅಡಿಗಿಂತ ಜಾಸ್ತಿ ಉದ್ದ ಇದ್ದರೆ ಅದು ಬೇಡವೇ ಬೇಡ.

ಇಲ್ಲೇ ನನಗೆ ಹೊಟ್ಟೆ ಉರಿಯುವ ವಿಷಯ ಇರುವುದು. ಚಳಿ ದೇಶಗಳಲ್ಲಿ ಜನ ಈ ಕೊಳವೆಗೆ ಮುಗಿಬೀಳುತ್ತಾರೆ, ಆದರೆ ಚಳಿಗಾಲದಲ್ಲಿ ಅಲ್ಲಿ ಸೂರ್ಯ ಅಷ್ಟೇನೂ ಮೇಲೆ ಬರುವುದಿಲ್ಲ. 45 ಡಿಗ್ರಿ ಅಕ್ಷಾಂಶದಲ್ಲಿ ಡಿಸೆಂಬರ್ ನಡುಹಗಲಲ್ಲೂ ಸೂರ್ಯ ದಿಗಂತದಿಂದ ಸುಮಾರು 21 ಡಿಗ್ರಿ ಎತ್ತರದಲ್ಲಿ ಇರುತ್ತಾನೆ. ಬೆಳಕು ಓರೆಯಾಗಿ ಬರುತ್ತದೆ. 10 ಇಂಚು ಅಗಲ, 4 ಅಡಿ ಉದ್ದದ ಕೊಳವೆಯಲ್ಲಿ 12 ಸಲವಾದರೂ ಪುಟಿಯಬೇಕು. ಅದೇ ನಮ್ಮ ಕಡೆಯ 13 ಡಿಗ್ರಿ ಅಕ್ಷಾಂಶಕ್ಕೆ ಬನ್ನಿ. ಅದೇ ಡಿಸೆಂಬರ್, ಅದೇ ಹೊತ್ತು, ಸೂರ್ಯ 53 ಡಿಗ್ರಿ ಮೇಲಿದ್ದಾನೆ. ಮೂರ್ನಾಲ್ಕು ಪುಟಿತ ಸಾಕು, ಬೆಳಕು ಕೋಣೆಯೊಳಗೆ. ವರ್ಷಕ್ಕೆ ಎರಡು ಸಲ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಕೊಳವೆ ಬೆಳಕಿಂಡಿಗೆ ಇದಕ್ಕಿಂತ ಒಳ್ಳೆ ಆಕಾಶ ಸಿಗಲಾರದು. ಆ ಆಕಾಶದ ಕೆಳಗೆ ನಾವು ಗಟ್ಟಿ ಸ್ಲ್ಯಾಬ್ ಹಾಕಿ ಲೈಟ್ ಹಚ್ಚಿಕೊಂಡು ಕೂತಿದ್ದೇವೆ.

ಎಷ್ಟು ಬೆಳಕು ಬರುತ್ತದೆ ಅಂತ ಕೇಳುವವರಿಗೆ ಒಂದು ಲೆಕ್ಕ. ನೆತ್ತಿ ಸುಡುವ ಬಿಸಿಲಲ್ಲಿ ಒಂದು ಚದರ ಮೀಟರ್ ಮೇಲೆ ಸುಮಾರು 1 ಲಕ್ಷ ಲೂಮೆನ್ (ಬೆಳಕಿನ ಪ್ರಮಾಣದ ಅಳತೆ) ಬೆಳಕು ಬೀಳುತ್ತದೆ. 10 ಇಂಚಿನ ಕೊಳವೆಯ ಬಾಯಿಗೆ ಬರುವುದು ಅದರಲ್ಲಿ 5,000. ಗುಮ್ಮಟ, ಕೊಳವೆ, ಬಿಲ್ಲೆ ಸೇರಿ ಅರ್ಧ ನುಂಗಿದರೂ 2,500 ಉಳಿಯುತ್ತದೆ. 9 ವಾಟಿನ ಎಲ್‌ಇಡಿ ಬಲ್ಬ್ ಸುಮಾರು 800 ಲೂಮೆನ್ ಕೊಡುತ್ತದೆ, ಅಂದರೆ ಮೂರು ಬಲ್ಬಿನ ಬೆಳಕಾಯಿತು. ದಟ್ಟ ಮೋಡ ಕವಿದರೆ ಇದು ಹತ್ತರಲ್ಲಿ ಒಂದು ಪಾಲಿಗೆ ಇಳಿಯಬಹುದು. ಆಗ ಓಡಾಡಲು, ಸ್ನಾನಕ್ಕೆ ಸಾಕು, ಓದಲು ಸಾಲದು. ರಾತ್ರಿ ಲೈಟ್ ಬೇಕೇ ಬೇಕು. ಇದನ್ನು ಮುಚ್ಚಿಟ್ಟು ಮಾರುವವರ ಮಾತು ಕೇಳಬೇಡಿ.

"ಬೇಸಿಗೆಯಲ್ಲಿ ಮನೆ ಕಾದು ಹೋಗಲ್ವಾ?" ಅಂತ ತಮ್ಮ ಕೇಳಿದ. ಬರುವ ಬೆಳಕಿನ ಜೊತೆಗೆ ಬಿಸಿ ಬಂದೇ ಬರುತ್ತದೆ, ಆದರೆ ಬಾಯಿ ಸಣ್ಣದು. ಮೇಲಿನ 2,500 ಲೂಮೆನ್ ಬಿಸಿಲಿನ ಜೊತೆ ಬರುವ ಶಾಖ ಸುಮಾರು 25 ವಾಟ್. ಎರಡಡಿ ನಾಲ್ಕಡಿಯ ಬರೀ ಗಾಜಿನ ಕಿಂಡಿಯಾದರೆ ಅದೇ ಹೊತ್ತಲ್ಲಿ ನೂರಾರು ವಾಟ್ ಒಳಗೆ ಬರುತ್ತದೆ, ಹೀಟರ್ ಇಟ್ಟ ಹಾಗೆ. ನಮ್ಮ ಹವೆಗೆ ದೊಡ್ಡ ಗಾಜಿಗಿಂತ ಸಣ್ಣ ಕೊಳವೆಯೇ ಸರಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ಮನೆಯಲ್ಲಿ ಎಲ್ಲವೂ ಸಸೂತ್ರ ಆಯಿತು ಅಂತಲ್ಲ. ಮೊದಲ ಚಳಿಗಾಲದಲ್ಲಿ ಬಿಲ್ಲೆಯಿಂದ ನೀರು ತೊಟ್ಟಿಕ್ಕಿತು. ಮಾಡು ಸೋರುತ್ತಿದೆ ಅಂತ ಗಾಬರಿಯಾಯಿತು. ಅಟ್ಟ ಹತ್ತಿ ನೋಡಿದರೆ ಮಾಡು ಒಣಗಿಯೇ ಇತ್ತು. ಕೂರಿಸಿದವರು ಕೊಳವೆಯ ಜೋಡಣೆಗಳಿಗೆ ಟೇಪ್ ಸುತ್ತಿರಲಿಲ್ಲ. ಬಚ್ಚಲಿನ ಬಿಸಿ ಹಬೆ ಮೇಲೇರಿ, ಅಟ್ಟದ ಚಳಿಗೆ ಕೊಳವೆಯೊಳಗೇ ನೀರಾಗಿ ಇಳಿಯುತ್ತಿತ್ತು. ಸಂದುಗಳಿಗೆಲ್ಲ ಫಾಯಿಲ್ ಟೇಪ್ ಸುತ್ತಿ, ಕೊಳವೆಗೆ ಹೊರಗಿನಿಂದ ಇನ್ಸುಲೇಷನ್ ಹೊದಿಸಿ, ಕೆಳಗಿನ ಉಂಗುರಕ್ಕೆ ಸೀಲ್ ಹಾಕಿದ ಮೇಲೆ ನಿಂತಿತು. ಆ ಕೆಲಸ ಮೊದಲ ದಿನವೇ ಆಗಬೇಕಿತ್ತು.

ಸ್ಲ್ಯಾಬ್ ಮನೆಯ ಕಷ್ಟ ಬೇರೆ. ಅಲ್ಲಿ ಕೊರೆಯುವುದು ಅಂದರೆ ಕಾಂಕ್ರೀಟು, ಒಳಗೆ ಕಂಬಿ. ವಜ್ರದ ಹಲ್ಲಿನ ಕೋರ್ ಕಟ್ಟಿಂಗ್ ಮೆಷಿನ್ ಬೇಕು. ಎಲ್ಲಿ ಕಂಬಿ ಹೋಗಿದೆ ಅಂತ ಸ್ಕ್ಯಾನ್ ಮಾಡಬೇಕು. ಬೀಮಿನ ಹತ್ತಿರ ಸುಳಿಯಲೇಬಾರದು, ಇಂಜಿನಿಯರ್ ನೋಡಿ ಹೂಂ ಅನ್ನದೆ ಮುಟ್ಟಬಾರದು. ಕೊರೆದ ಮೇಲೆ ಸುತ್ತ ಕನಿಷ್ಠ 6 ಇಂಚಿನ ಕಟ್ಟೆ ಎಬ್ಬಿಸಿ ವಾಟರ್‌ಪ್ರೂಫಿಂಗ್ ಅದರ ಮೇಲೆ ಹತ್ತಿಸಬೇಕು. ಇಲ್ಲದಿದ್ದರೆ ತಾರಸಿಯಲ್ಲಿ ನಿಂತ ನೀರೆಲ್ಲ ನೇರವಾಗಿ ಕೋಣೆಗೆ. ಕಟ್ಟಿ ಮುಗಿದ ಮನೆಗೆ ಇದೆಲ್ಲ ಮಾಡಬಹುದು, ಮಾಡಿದವರೂ ಇದ್ದಾರೆ. ಆದರೆ ಸೆಂಟ್ರಿಂಗ್ ಹಲಗೆಯ ಮೇಲೆ ಕಂಬಿ ಕಟ್ಟುವಾಗ ಅಲ್ಲೊಂದು ಅಗಲವಾದ ಪೈಪಿನ ತುಂಡು ನಿಲ್ಲಿಸಿ, ಅದರ ಸುತ್ತ ಹೆಚ್ಚುವರಿ ಕಂಬಿ ಕೊಟ್ಟು ಮೋಲ್ಡ್ ಹಾಕಿದರೆ ಈ ಯಾವ ರಗಳೆಯೂ ಇಲ್ಲ. ಸಂಪಿನಿಂದ ಟ್ಯಾಂಕಿಗೆ ಪೈಪು, ಫ್ಯಾನಿಗೆ ಕೊಕ್ಕೆ, ವೈರಿಗೆ ಕೊಳವೆ, ಎಲ್ಲವನ್ನೂ ಮೊದಲೇ ಬಿಡುತ್ತೇವೆ. ಬೆಳಕಿಗೆ ಮಾತ್ರ ಬಿಡುವುದಿಲ್ಲ. ಕಿಟಕಿ ಇದೆಯಲ್ಲ, ಲೈಟ್ ಪಾಯಿಂಟ್ ಕೊಟ್ಟಿದ್ದೇವಲ್ಲ ಅನ್ನುತ್ತೇವೆ.

ಇದು ದುಡ್ಡಿದ್ದವರ ಷೋಕಿ ಅಂತ ಯಾರಾದರೂ ಹೇಳಿದರೆ ನಾನು ಆಲ್ಫ್ರೆಡೊ ಮೋಸರ್ ಕಥೆ ಹೇಳುತ್ತೇನೆ. ಬ್ರೆಜಿಲ್‌ನ ಉಬೆರಾಬಾದ ಮೆಕ್ಯಾನಿಕ್. ಪದೇ ಪದೇ ಕರೆಂಟ್ ಹೋಗುತ್ತಿದ್ದ ಕಾಲದಲ್ಲಿ, 2002ರಲ್ಲಿ, ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ನೀರು ತುಂಬಿ, ಪಾಚಿ ಕಟ್ಟದಿರಲಿ ಅಂತ ಎರಡು ಮುಚ್ಚಳ ಬ್ಲೀಚ್ ಹಾಕಿ, ಮಾಡಿಗೆ ತೂತು ಮಾಡಿ ಸಿಕ್ಕಿಸಿದರು. ಬಾಟಲಿ ಸ್ವಲ್ಪ ಹೊರಗೆ, ಉಳಿದದ್ದು ಒಳಗೆ. ಬಿಸಿಲು ನೀರಿನಲ್ಲಿ ಬಾಗಿ ಕೋಣೆಯ ಮೂಲೆಮೂಲೆಗೂ ಚದುರಿತು. 40ರಿಂದ 60 ವಾಟಿನ ಹಳೇ ಬಲ್ಬಿನಷ್ಟು ಬೆಳಕು. ಆ ಬಾಟಲಿ ಮುಂದೆ ಫಿಲಿಪೀನ್ಸ್‌ನ ತಗಡಿನ ಮನೆಗಳಿಗೂ ಹೋಯಿತು, ಎಷ್ಟೋ ದೇಶಗಳಿಗೆ ಹಬ್ಬಿತು. ತಗಡಿನ ಸೂರಿನ ಕೆಳಗೆ ಬಾಗಿಲು ತೆರೆದುಕೊಂಡು ಹೊಸ್ತಿಲಲ್ಲಿ ಕೂತು ಓದುವ ಮಕ್ಕಳನ್ನು ನೀವೂ ನೋಡಿರುತ್ತೀರಿ. ಅವರಿಗೆ ಒಂದು ಬಾಟಲಿ ಸಾಕಾಗುತ್ತದೆ.

ಹೊರಗೆ ಬಂದು ನೆಲೆಸಿದ ಮೇಲೆ ನನಗೆ ಕಂಡ ದೊಡ್ಡ ವ್ಯತ್ಯಾಸ ಇಷ್ಟೇ: ಬೆಳಕು ಕಡಿಮೆ ಇರುವ ಕಡೆ ಜನ ಅದನ್ನು ಲೆಕ್ಕ ಹಾಕಿ ಒಳಗೆ ಕರೆಯುತ್ತಾರೆ. ಜಾಸ್ತಿ ಇರುವ ಕಡೆ ನಾವು ಅದನ್ನು ಬಿಸಿ ಅಂತ ಮಾತ್ರ ನೋಡಿ ಹೊರಗೆ ನಿಲ್ಲಿಸುತ್ತೇವೆ. ನೆರಳು ಬೇಕು ನಿಜ. ನೆರಳು ಬೇರೆ, ಕತ್ತಲೆ ಬೇರೆ.

ತಮ್ಮ ಈಗ ಮನೆ ಕಟ್ಟಿಸುತ್ತಿದ್ದಾನೆ. ಮೆಟ್ಟಿಲ ಮೇಲೆ ಒಂದು, ಒಳಗಿನ ಬಚ್ಚಲಿಗೆ ಒಂದು ದಾರಿ ಬಿಡು ಅಂತ ಮೂರು ತಿಂಗಳಿಂದ ಹೇಳುತ್ತಿದ್ದೆ. ಮೇಸ್ತ್ರಿ ಒಪ್ಪಿರಲಿಲ್ಲ. "ಸೋರುತ್ತೆ ಸಾರ್, ಆಮೇಲೆ ನಮ್ಮನ್ನೇ ಬೈತೀರಾ" ಅಂದಿದ್ದರು. ಅವರ ಭಯ ಸುಮ್ನೆ ಅಲ್ಲ, ಅವರು ಸೋರುವ ಎಷ್ಟು ತಾರಸಿ ನೋಡಿದ್ದಾರೋ. ಹೋದ ಭಾನುವಾರ ವಿಡಿಯೋ ಕಾಲ್‌ನಲ್ಲಿ ಕಟ್ಟೆಯ ಚಿತ್ರ ಬರೆದು ತೋರಿಸಿದೆ. ಗುಮ್ಮಟ ಕಟ್ಟೆಯ ಹೊರಗೆ ಇಳಿದು ಟೋಪಿಯಂತೆ ಕೂರುತ್ತದೆ, ನೀರು ಒಳಗೆ ಬರಲು ಸಂದೇ ಇರುವುದಿಲ್ಲ ಅಂತ ವಿವರಿಸಿದೆ. ಅವರು ತುಂಬಾ ಹೊತ್ತು ಫೋನ್ ಹಿಡಿದು ನೋಡಿದರು. ಆಮೇಲೆ ಕೇಳಿದರು, "ಕಟ್ಟೆ ಇಟ್ಟಿಗೇಲಿ ಬೇಡ ಸಾರ್. ಸ್ಲ್ಯಾಬ್ ಜೊತೇಲೇ ಕಾಂಕ್ರೀಟಲ್ಲಿ ಎಬ್ಬಿಸಿಬಿಡ್ಲಾ?"

ಬುಧವಾರ ಮೋಲ್ಡ್. ತಮ್ಮ ಫೋಟೋ ಕಳಿಸಿದ್ದಾನೆ. ಕಂಬಿಯ ಜಾಲದ ನಡುವೆ ಎರಡು ಪೈಪಿನ ತುಂಡು ನಿಂತಿವೆ. ಕಾಂಕ್ರೀಟ್ ಒಳಗೆ ಬೀಳದಿರಲಿ ಅಂತ ಬಾಯಿಗೆ ಸಿಮೆಂಟ್ ಚೀಲ ಕಟ್ಟಿದ್ದಾರೆ.